ಡಿಮ್ಮರ್ ಏರಿಸಿದರೆ ಸ್ಪೀಕರ್‌ನಲ್ಲಿ ಗುಂಯ್: ಸರಿಹೋದದ್ದು ಹೀಗೆ

ಮಂಡ್ಯದ ಒಂದು ಸಭಾಂಗಣ, ನಾಟಕದ ಟೆಕ್ನಿಕಲ್ ತಾಲೀಮು. ಲೈಟು ಆರಿದ್ದಾಗ ಸೌಂಡ್ ಶುದ್ಧ. ಬೆಳಕನ್ನು ಏರಿಳಿಸುವ ಡಿಮ್ಮರ್ 40ರಿಂದ 60 ಪರ್ಸೆಂಟಿಗೆ ಬಂದರೆ ಜೀರುಂಡೆಯಂಥ ಗುಂಯ್. 100ಕ್ಕೆ ಏರಿಸಿದರೆ ಬಹುಪಾಲು ಮಾಯ.

ಮೈಕ್ ಬದಲಾಯಿಸಿದ್ದು, ಗೇನ್ (ಮೈಕ್ ಸಿಗ್ನಲ್ ಹಿಗ್ಗಿಸುವ ಮಟ್ಟ) ಇಳಿಸಿದ್ದು, ತಗ್ಗು ಸ್ವರಗಳನ್ನು ಕತ್ತರಿಸುವ ಲೋ ಕಟ್ ಒತ್ತಿದ್ದು ಯಾವುದೂ ಫಲ ಕೊಡಲಿಲ್ಲ. ಡಿಮ್ಮರ್ 50 ಹರ್ಟ್ಸ್ ಕರೆಂಟಿನ ಅಲೆಯನ್ನು ಪ್ರತಿ ಅರ್ಧಚಕ್ರದಲ್ಲೂ ಕತ್ತರಿಸುತ್ತದೆ. ಆ ಚೂಪು ಅಂಚಿನ ಗದ್ದಲ ಮಾತಿನ ಶ್ರೇಣಿಗೂ ಹರಡುವುದರಿಂದ ಲೋ ಕಟ್ ಸಾಲದು. ಅರ್ಧ ಮಟ್ಟದಲ್ಲಿ ಕತ್ತರಿ ಬೀಳುವುದು ಅಲೆಯ ತುದಿಗೆ, ಅದಕ್ಕೇ ಅಲ್ಲಿ ಕಾಟ ಹೆಚ್ಚು.

ಕೊನೆಗೆ ಕೆಲಸಕ್ಕೆ ಬಂದ ಕ್ರಮ: ಡಿಮ್ಮರನ್ನು 50ರಲ್ಲೇ ನಿಲ್ಲಿಸಿ, ಮಿಕ್ಸರ್‌ನ ಎಲ್ಲ ಚಾನೆಲ್ ಮ್ಯೂಟ್ ಮಾಡಿ, ಒಂದೊಂದಾಗಿ ತೆರೆದು ಕೇಳಬೇಕು. ಇಲ್ಲಿ ಸಿಕ್ಕಿಬಿದ್ದದ್ದು ಎರಡು. ಒಂದು, ಹಿನ್ನೆಲೆ ಸಂಗೀತದ ಲ್ಯಾಪ್‌ಟಾಪ್ ಲೈನ್. ಹೆಡ್‌ಫೋನ್ ಔಟ್‌ನಿಂದ ನೇರ ಮಿಕ್ಸರ್‌ಗೆ ಹೋಗುತ್ತಿದ್ದ ವೈರ್ ತೆಗೆದು, ಲ್ಯಾಪ್‌ಟಾಪ್ ಪಕ್ಕದಲ್ಲೇ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ (ಇಂಥ ಲೈನನ್ನು ಮಿಕ್ಸರ್‌ನ ಮೈಕ್ ಇನ್‌ಪುಟ್‌ಗೆ ಹೊಂದಿಸುವ ಪೆಟ್ಟಿಗೆ) ಇಟ್ಟು, ಸೌಂಡ್ ವೈರಿನ ಗ್ರೌಂಡ್ ಮಾತ್ರ ಬಿಡಿಸುವ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ, ಅಲ್ಲಿಂದ ಮಿಕ್ಸರ್‌ಗೆ ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ ಮೈಕ್) ಕೇಬಲ್ ಎಳೆದರೆ ಮುಕ್ಕಾಲು ಗುಂಯ್ ಹೋಯಿತು. ಪ್ಲಗ್ಗಿನ ಅರ್ಥ್ ಪಿನ್ ಕೀಳುವ ಉಪಾಯ ಯಾರು ಹೇಳಿದರೂ ಬೇಡ, ನಟರು ಹಿಡಿಯುವ ಮೈಕಿಗೇ ಕರೆಂಟ್ ಬರಬಹುದು.

ಎರಡು, ಅಂದವಾಗಿ ಕಾಣಲೆಂದು ಲೈಟ್ ಕೇಬಲ್ ಜೊತೆ ಟೇಪ್ ಸುತ್ತಿದ್ದ ಮೈಕ್ ಕೇಬಲ್. ಬಿಡಿಸಿ ರಂಗದ ಇನ್ನೊಂದು ಪಕ್ಕಕ್ಕೆ ಒಯ್ಯಬೇಕು. ದಾಟಲೇಬೇಕಾದ ಕಡೆ 90 ಡಿಗ್ರಿ ಅಡ್ಡಲಾಗಿ ಮಾತ್ರ. ಉಳಿದ ಚೂರುಪಾರು ಶಬ್ದವೂ ಸೌಂಡ್ ಸಾಮಾನನ್ನೆಲ್ಲ ಡಿಮ್ಮರ್ ಇಲ್ಲದ ಬೇರೆ ಫೇಸಿಗೆ ಎಲೆಕ್ಟ್ರಿಷಿಯನ್ ಹಾಕಿಕೊಟ್ಟ ಮೇಲೆ ನಿಂತಿತು.