ಓರೆ ಅಕ್ಷರ ಸೊಟ್ಟಗೆ ಕಂಡದ್ದೇಕೆ: ನನ್ನ ಅನುಭವ

ಕಬಡ್ಡಿ ಪಂದ್ಯಾವಳಿಯೊಂದರ ಜಾಲತಾಣಕ್ಕೆ ದಪ್ಪವಾದ, ಅಗಲ ಕಡಿಮೆಯಿರುವ, ಬಲಕ್ಕೆ ವಾಲಿದ ಇಂಗ್ಲಿಷ್ ಶೀರ್ಷಿಕೆ ಬೇಕಾಗಿತ್ತು. ಆಸ್ವಾಲ್ಡ್ ಫಾಂಟನ್ನು ಆರಿಸಿ, ಬೋಲ್ಡ್ ಇಟಾಲಿಕ್ ಎಂದು ಸೂಚಿಸಿದೆ. ಆದರೆ ತೆರೆಯ ಮೇಲೆ ಮೂಡಿದ ಇಂಗ್ಲಿಷಿನ ‘ಓ’ ಅಕ್ಷರವನ್ನು ಹಿಗ್ಗಿಸಿ ನೋಡಿದಾಗ, ಅದರ ಬಲ ಮೇಲ್ಭಾಗವೂ ಎಡ ಕೆಳಭಾಗವೂ ಊದಿಕೊಂಡು, ಉಳಿದೆರಡು ಮೂಲೆಗಳು ಸೊರಗಿದಂತೆ ಕಂಡವು.

ಆಸ್ವಾಲ್ಡ್‌ನಲ್ಲಿ ಇಟಾಲಿಕ್ ವಿನ್ಯಾಸವೇ ಇಲ್ಲದಿರುವುದರಿಂದ ಬ್ರೌಸರ್ ನೇರ ಅಕ್ಷರಗಳನ್ನೇ ಯಾಂತ್ರಿಕವಾಗಿ ವಾಲಿಸುತ್ತಿತ್ತು. ಜಾಲಪುಟದ ರೂಪವನ್ನು ನಿರ್ಧರಿಸುವ ಸಿಎಸ್‌ಎಸ್ ಭಾಷೆಯಲ್ಲಿ, ಫಾಂಟಿನಲ್ಲಿ ಇಲ್ಲದ ಶೈಲಿಯನ್ನು ಬ್ರೌಸರ್ ತಾನೇ ಸೃಷ್ಟಿಸಬೇಕೇ ಎಂದು ಹೇಳುವ ಫಾಂಟ್-ಸಿಂಥೆಸಿಸ್ ಗುಣಕ್ಕೆ ‘none’ (ಬೇಡ) ಎಂದು ಕೊಟ್ಟ ಕೂಡಲೇ ಅಕ್ಷರಗಳು ನೆಟ್ಟಗಾದವು, ಅನುಮಾನ ಖಚಿತವಾಯಿತು. ನಿಜವಾದ ಇಟಾಲಿಕ್‌ನಲ್ಲಿ ವಿನ್ಯಾಸಕರು ಇಂತಹ ತಿರುವುಗಳ ದಪ್ಪವನ್ನು ಕಣ್ಣಳತೆಯಲ್ಲಿ ತಿದ್ದಿರುತ್ತಾರೆ, ಆ ಶ್ರಮಕ್ಕೆ ಯಂತ್ರದ ಓರೆ ಎಂದೂ ಸಾಟಿಯಾಗದು. ಆದ್ದರಿಂದ ಜೆರೆಮಿ ಟ್ರಿಬ್ಬಿ ಅವರು ವಿನ್ಯಾಸಗೊಳಿಸಿದ ಬಾರ್ಲೋ ಕಂಡೆನ್ಸ್ಡ್ ಫಾಂಟಿಗೆ ಬದಲಾಯಿಸಿ, ಅದರ 700 ತೂಕದ (ಅಂದರೆ ಬೋಲ್ಡ್ ದಪ್ಪದ) ಇಟಾಲಿಕ್ ಕಡತವನ್ನೇ ಪ್ರತ್ಯೇಕವಾಗಿ ಜೋಡಿಸಿದೆ. ಕೊನೆಯ ಅಕ್ಷರದ ತುದಿ ಚೌಕಟ್ಟಿನಲ್ಲಿ ಕತ್ತರಿಸಿ ಹೋಗುತ್ತಿದ್ದುದರಿಂದ ಬಲಬದಿಗೆ ಸ್ವಲ್ಪ ಪ್ಯಾಡಿಂಗ್ (ಖಾಲಿ ಜಾಗ) ಸೇರಿಸಬೇಕಾಯಿತು.

ಕನ್ನಡ ಶೀರ್ಷಿಕೆಯನ್ನು ಮಾತ್ರ ವಾಲಿಸಲಿಲ್ಲ. ನಮ್ಮ ಲಿಪಿಗೆ ಇಟಾಲಿಕ್ ಪರಂಪರೆಯಿಲ್ಲ, ಬಲವಂತವಾಗಿ ವಾಲಿಸಿದರೆ ದುಂಡನೆಯ ಅಕ್ಷರಗಳ ಅಂದವೇ ಕೆಡುತ್ತದೆ. ಏಕ್ ಟೈಪ್ ಸಂಸ್ಥೆಯ ಅನೇಕ್ ಕನ್ನಡ ಫಾಂಟಿನಲ್ಲಿ ಅಗಲವನ್ನು ಸಾಮಾನ್ಯ ಮಟ್ಟವಾದ 100ರಿಂದ 75ಕ್ಕೆ ಇಳಿಸಿ, ದಪ್ಪವಾಗಿಯೂ ನೇರವಾಗಿಯೂ ಉಳಿಸಿಕೊಂಡೆ. ‘ಪಂದ್ಯ’ದ ಒತ್ತಕ್ಷರಗಳು ಕೆಳಸಾಲಿಗೆ ತಾಗದಂತೆ ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ 1 ಪಟ್ಟಿನಿಂದ 1.4 ಪಟ್ಟಿಗೆ ಏರಿಸಿದೆ.