ಅರ್ಜಿಗಿಂತ ಮೊದಲು ಮನೆ ಬಾಗಿಲಿಗೆ

ಅಮೆರಿಕದ ಒಹಾಯೋ ರಾಜ್ಯದ ಒಂದು ಸಣ್ಣ ಊರಿನ ಪಾಲಿಕೆಯಲ್ಲಿ, ವಸತಿ ವಿಭಾಗದಲ್ಲಿ ನನ್ನ ಕೆಲಸ. ಇಲ್ಲಿ ನೂರು ವರ್ಷ ದಾಟಿದ ಮರದ ಮನೆಗಳು ಜಾಸ್ತಿ. ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ ಇರಬಾರದು ಎಂದು ಈ ದೇಶ ನಿಷೇಧ ಹಾಕಿದ್ದು 1978ರಲ್ಲಿ. ಅದಕ್ಕಿಂತ ಹಳೇ ಮನೆಗಳಲ್ಲಿ ಆ ಬಣ್ಣ ಪದರ ಪದರವಾಗಿ ಕೂತಿರುತ್ತದೆ. ಮೇಲೆ ಕೆಳಗೆ ಸರಿಸುವ ಕಿಟಕಿ ಒಂದೊಂದು ಸಲ ಉಜ್ಜಿದಾಗಲೂ ಪುಡಿ ಉದುರುತ್ತದೆ. ಅಂಬೆಗಾಲಿಡುವ ಮಗು ಆ ನೆಲ ಮುಟ್ಟಿದ ಕೈಯನ್ನೇ ಬಾಯಿಗಿಡುತ್ತದೆ, ಅಲ್ವಾ? ಸೀಸದಿಂದ ಮಗುವಿನ ಮಿದುಳಿಗೆ ಆದ ಹಾನಿ ಮತ್ತೆ ಸರಿಹೋಗುವುದಿಲ್ಲ.

ಇಂಥ ಮನೆಗಳ ದುರಸ್ತಿಗೆ ಫೆಡರಲ್ ವಸತಿ ಇಲಾಖೆ, ಅಂದರೆ ಹಡ್, ಪಾಲಿಕೆ ಮತ್ತು ಕೌಂಟಿಗಳಿಗೆ ಅನುದಾನ ಕೊಡುತ್ತದೆ. ನಮ್ಮ ಮೊದಲ ಅರ್ಜಿ ಹೋಗಲೇ ಇಲ್ಲ. ಅರ್ಜಿ ಹಾಕಲು ಸ್ಯಾಮ್ ಎಂಬ ಸರ್ಕಾರಿ ಜಾಲತಾಣದಲ್ಲಿ ನೋಂದಣಿ ಇರಬೇಕು, ಅದನ್ನು ಪ್ರತಿವರ್ಷ ನವೀಕರಿಸಬೇಕು. ಅದರ ಅವಧಿ ಮುಗಿದಿದೆ ಎಂದು ನಮಗೆ ಗೊತ್ತಾಗಿದ್ದು ಕೊನೇ ವಾರದಲ್ಲಿ. ಒಂದು ವರ್ಷ ಕೈತಪ್ಪಿತು. ಆ ವರ್ಷ ಹುಟ್ಟಿದ ಮಕ್ಕಳು ಅದೇ ಮನೆಗಳಲ್ಲಿ ತೆವಳಲು ಕಲಿತರು. ಅದು ನನ್ನನ್ನು ಈಗಲೂ ಕಾಡುತ್ತದೆ.

ಮುಂದಿನ ಸಲ ಅನುದಾನದ ಪ್ರಕಟಣೆಗೆ ಕಾಯಲಿಲ್ಲ. ಎಂಟು ತಿಂಗಳು ಮೊದಲೇ ಶುರು ಮಾಡಿದೆವು. 1940ಕ್ಕಿಂತ ಹಳೇ ಮನೆಗಳು ಎಲ್ಲಿವೆ ಎಂಬುದು ಜನಗಣತಿ ಇಲಾಖೆಯ ಲೆಕ್ಕದಲ್ಲಿ ಸಿಗುತ್ತದೆ. ಮಕ್ಕಳ ರಕ್ತಪರೀಕ್ಷೆಯ ಲೆಕ್ಕವನ್ನು ಆರೋಗ್ಯ ವಿಭಾಗದಿಂದ ಕೇಳಿದೆವು. ಹೆಸರು ಬೇಡ, ಬಡಾವಣೆವಾರು ಸಂಖ್ಯೆ ಸಾಕು ಎಂದೆವು. ಮಗುವಿನ ರಕ್ತದಲ್ಲಿ ಸೀಸ ಜಾಸ್ತಿ ಇದೆ ಎಂದು ಗುರುತಿಸುವ ಮಟ್ಟವನ್ನು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರಲ್ಲಿ ಡೆಸಿಲೀಟರ್‌ಗೆ 5 ಮೈಕ್ರೋಗ್ರಾಂನಿಂದ 3.5ಕ್ಕೆ ಇಳಿಸಿತ್ತು. ಹಾಗಾಗಿ ಹಳೇ ವರದಿಗಳನ್ನೆಲ್ಲ ಮತ್ತೆ ಎಣಿಸಿದೆವು. ಮನೆಗಳ ಲೆಕ್ಕ, ರಕ್ತಪರೀಕ್ಷೆಯ ಲೆಕ್ಕ ಎರಡನ್ನೂ ನಕ್ಷೆ ಮಾಡಿ ಒಂದರ ಮೇಲೊಂದು ಇಟ್ಟಾಗ ಮೂರು ಬಡಾವಣೆಗಳು ಎದ್ದು ಕಂಡವು.

ಆಮೇಲೆ ಮನೆಮನೆಗೆ ಹೋದೆವು. ಇದೇ ಎಲ್ಲಕ್ಕಿಂತ ಕಷ್ಟದ ಕೆಲಸ. "ಸೀಸ ಇದೆ ಅಂತ ಗೊತ್ತಾದ್ರೆ ಓನರ್ ನಮ್ಮನ್ನೇ ಖಾಲಿ ಮಾಡಿಸ್ತಾರೆ" ಎಂದು ಬಾಡಿಗೆಗಿದ್ದ ತಾಯಿಯೊಬ್ಬರು ಬಾಗಿಲು ಪೂರ್ತಿ ತೆರೆಯಲೇ ಇಲ್ಲ. ಅವರ ಭಯ ಸುಮ್ನೆ ಹುಟ್ಟಿದ್ದಲ್ಲ. ದುರಸ್ತಿಯ ನಂತರ ಕನಿಷ್ಠ 3 ವರ್ಷ, ಆರು ವರ್ಷದೊಳಗಿನ ಮಕ್ಕಳಿರುವ ಕುಟುಂಬಗಳಿಗೇ ಮಾಲೀಕರು ಬಾಡಿಗೆಗೆ ಆದ್ಯತೆ ಕೊಡಬೇಕು ಎಂಬ ನಿಯಮವನ್ನು ಓದಿ ಹೇಳಿದೆ. ಮೂರನೇ ಭೇಟಿಯಲ್ಲಿ ಒಳಗೆ ಕರೆದರು. ಸ್ವಂತ ಮನೆಯಾದರೆ ಮಗು ಅಲ್ಲೇ ವಾಸವಿರಬೇಕೆಂದಿಲ್ಲ, ಹೆಚ್ಚು ಹೊತ್ತು ಅಲ್ಲಿ ಕಳೆದರೂ ಸಾಕು. ಹಗಲಿಡೀ ಮೊಮ್ಮಕ್ಕಳನ್ನು ನೋಡಿಕೊಳ್ಳುವ ಅಜ್ಜಿಯರ ಮನೆಗಳೂ ಹೀಗೆ ನಮ್ಮ ಪಟ್ಟಿಗೆ ಬಂದವು.

ಇಲ್ಲಿನ ಕನ್ನಡದವರಿಗೆ ಒಂದು ಮಾತು. ಕೆಲವು ಸಿಂಧೂರ, ಕಾಡಿಗೆಗಳಲ್ಲೂ ಸೀಸ ಸಿಕ್ಕಿದೆ. ಮನೆ ಹೊಸದಾದರೂ ಮಗುವಿನ ರಕ್ತಪರೀಕ್ಷೆ ಮಾಡಿಸಿ.

ಅನುದಾನದ ಜೊತೆ ಪಾಲಿಕೆ ತನ್ನ ಪಾಲಾಗಿ ಹಾಕಬೇಕಿದ್ದ ಶೇ 10 ಹಣಕ್ಕೆ ಒಪ್ಪಿಗೆ ಪತ್ರ ಬೇಗನೇ ಸಿಕ್ಕಿತು. ಆದರೆ ಸೀಸದ ಕೆಲಸಕ್ಕೆ ಲೈಸೆನ್ಸ್ ಇದ್ದ ಕಂಟ್ರಾಕ್ಟರ್‌ಗಳು ಊರಲ್ಲಿ ಇಬ್ಬರೇ! ಹಣ ಬಂದರೂ ಕೆಲಸ ನಿಲ್ಲುತ್ತಿತ್ತು. ಇನ್ನೂ ನಾಲ್ವರನ್ನು ತರಬೇತಿಗೆ ಕಳಿಸಿದೆವು.

ಈ ಸಲ ಕೊನೇ ದಿನಾಂಕಕ್ಕೆ ಐದು ದಿನ ಮೊದಲೇ ಅರ್ಜಿ ಹೋಯಿತು. ಉತ್ತರ ಇನ್ನೂ ಬಂದಿಲ್ಲ. ಪಟ್ಟಿಯಲ್ಲಿರುವ ಮನೆಗಳಿಗೆ ವಾರ ವಾರ ಫೋನ್ ಮಾಡುತ್ತೇನೆ. ಒಣ ಪೊರಕೆ ಹಾಕಬೇಡಿ, ಕಿಟಕಿ ಕಟ್ಟೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಊಟಕ್ಕೆ ಮೊದಲು ಮಗುವಿನ ಕೈ ತೊಳೆಸಿ ಎಂದು ಹೇಳುತ್ತಿದ್ದೇನೆ.