ಆಲ್ಟನ್ ಎಸ್ಟೇಟ್‌ಗೆ ಬಂದಿದ್ದೀರಾ? ಮೊದಲ ವಾರ ನಡೆದು ನೋಡಿ

ನಮಗೆ ಎಸ್ಟೇಟ್ ಅಂದ ಕೂಡಲೇ ನೆನಪಾಗುವುದು ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟ. ಲಂಡನ್ನಿನಲ್ಲಿ ಮನೆ ತೋರಿಸುವ ಏಜೆಂಟ್ ಹೇಳುವ ಎಸ್ಟೇಟ್ ಬೇರೆ. ಎರಡನೇ ಮಹಾಯುದ್ಧದಲ್ಲಿ ಬಾಂಬ್ ಬಿದ್ದು ಇಲ್ಲಿ ಲೆಕ್ಕವಿಲ್ಲದಷ್ಟು ಮನೆಗಳು ಹೋದವು. ಯುದ್ಧ ಮುಗಿದ ಮೇಲೆ ಜನರಿಗೆ ಬಾಡಿಗೆಗೆ ಕೊಡಲು ಕೌನ್ಸಿಲ್‌ಗಳೇ, ಅಂದರೆ ನಮ್ಮ ನಗರಸಭೆಯಂಥ ಸ್ಥಳೀಯ ಆಡಳಿತಗಳೇ, ದೊಡ್ಡ ದೊಡ್ಡ ಬಡಾವಣೆ ಕಟ್ಟಿಸಿದವು. ನಮ್ಮ ಹೌಸಿಂಗ್ ಬೋರ್ಡ್ ಕಾಲೊನಿ ನೆನಪಿಸಿಕೊಳ್ಳಿ, ಹೆಚ್ಚುಕಡಿಮೆ ಅದೇ ಯೋಚನೆ.

ನೈಋತ್ಯ ಲಂಡನ್ನಿನ ರೋಹ್ಯಾಂಪ್ಟನ್‌ನಲ್ಲಿರುವ ಆಲ್ಟನ್ ಎಸ್ಟೇಟ್ ಅಂಥದ್ದು. 1950ರ ದಶಕದಲ್ಲಿ ಲಂಡನ್ ಕೌಂಟಿ ಕೌನ್ಸಿಲ್ ಇದನ್ನು ಕಟ್ಟಿಸಿತು. ಮೊದಲು ಆಲ್ಟನ್ ಈಸ್ಟ್, ಆಮೇಲೆ ಆಲ್ಟನ್ ವೆಸ್ಟ್. ಈಗ ವಾಂಡ್ಸ್‌ವರ್ತ್ ಕೌನ್ಸಿಲ್ ವ್ಯಾಪ್ತಿಗೆ ಬರುತ್ತದೆ. ಇಲ್ಲಿ ಬಾಡಿಗೆಗೆ ಬರುವ ನಮ್ಮ ಕನ್ನಡ ಕುಟುಂಬಗಳಿಗೆ ನಾವು ಸಂಘದವರು ಹೇಳುವ ಮೊದಲ ಮಾತು ಒಂದೇ. ಪಾತ್ರೆ ಡಬ್ಬ ಜೋಡಿಸುವುದು ನಾಳೆ ಇರಲಿ. ಬೆಳಕಿರುವಾಗಲೇ, ಮಕ್ಕಳನ್ನೂ ಕರೆದುಕೊಂಡು, ಒಂದು ಸುತ್ತು ನಡೆದು ಬನ್ನಿ.

ಯಾಕೆ ಅಂದರೆ, ಈ ಜಾಗ ರಸ್ತೆಯಿಂದ ನೋಡಿದರೆ ಅರ್ಥವಾಗುವುದಿಲ್ಲ. ಕಾಲುದಾರಿಗೆ ಇಳಿದರೇನೇ ಗೊತ್ತಾಗುವುದು. ಬೆಂಗಳೂರಿನಲ್ಲಿ ನಾವು ಫುಟ್‌ಪಾತ್ ಅನ್ನುವುದು ರಸ್ತೆ ಅಂಚಿನ ಕಲ್ಲುಹಾಸಿಗೆ ಅಲ್ವಾ? ಇಲ್ಲಿ ಅದು ಪೇವ್‌ಮೆಂಟ್. ಇವರು ಫುಟ್‌ಪಾತ್ ಅಂದರೆ ಸಾಮಾನ್ಯವಾಗಿ ಕಾರು ಬಾರದ, ನಡೆಯುವವರಿಗೇ ಇರುವ ದಾರಿ. ಪಕ್ಕದ ಮನೆಯವರು ಫುಟ್‌ಪಾತ್‌ನಲ್ಲೇ ಹೋಗಿ ಅಂದರೆ ರಸ್ತೆ ಹುಡುಕಬೇಡಿ. ಕಟ್ಟಡಗಳ ನಡುವೆ, ಮರಗಳ ಕೆಳಗೆ ನೋಡಿ.

ಆ ಮರಗಳಿಗೂ ಒಂದು ಕಥೆ ಇದೆ. ಹಿಂದೆ ಇಲ್ಲಿದ್ದದ್ದು ಶ್ರೀಮಂತರ ಬಂಗಲೆಗಳು, ಅವುಗಳ ವಿಶಾಲ ತೋಟಗಳು. ಮೌಂಟ್ ಕ್ಲೇರ್ ಅನ್ನುವ ಹದಿನೆಂಟನೇ ಶತಮಾನದ ಬಂಗಲೆ ಇವತ್ತಿಗೂ ಎಸ್ಟೇಟ್ ಒಳಗೇ ನಿಂತಿದೆ. ಎಸ್ಟೇಟ್ ಕಟ್ಟಿಸಿದವರು ನೆಲ ಸಮ ಮಾಡಿ ಮರ ಕಡಿದು ಹಾಕಲಿಲ್ಲ. ಇಳಿಜಾರನ್ನು ಇಳಿಜಾರಾಗಿಯೇ ಬಿಟ್ಟು, ಹಳೆಯ ಮರಗಳನ್ನು ಉಳಿಸಿಕೊಂಡು, ನಡುನಡುವೆ ಮನೆ ಎಬ್ಬಿಸಿದರು. ಅದಕ್ಕೇ ದಾರಿಗಳು ಬಳುಕುತ್ತವೆ, ಏರುತ್ತವೆ, ಇಳಿಯುತ್ತವೆ. ಕೆಲವು ಕಡೆ ಮೆಟ್ಟಿಲು ಸಿಗುತ್ತದೆ. ಮಗುವಿನ ತಳ್ಳುಗಾಡಿ ಇದ್ದರೆ ಮೆಟ್ಟಿಲಿಲ್ಲದ ದಾರಿ ಯಾವುದು ಅಂತ ಮೊದಲ ದಿನವೇ ಗುರುತು ಮಾಡಿಕೊಳ್ಳಿ.

ಮನೆ ಹುಡುಕುವುದು ಹೇಗೆ

ನಾವು ಬಂದ ಮೊದಲ ಡಿಸೆಂಬರ್‌ನಲ್ಲಿ ಫೋನಿನ ಮ್ಯಾಪ್ ನಂಬಿ, ಮಗಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೊರಟಿದ್ದೆವು. ಮ್ಯಾಪ್ ನಮ್ಮನ್ನು ಕಟ್ಟಡದ ಹಿಂಭಾಗಕ್ಕೆ, ಬೀಗ ಹಾಕಿದ ಕಸದ ಕೋಣೆಯ ಮುಂದೆ ತಂದು ನಿಲ್ಲಿಸಿತು. ಇನ್ನೂ ನಾಲ್ಕೂವರೆ ಗಂಟೆ, ಆಗಲೇ ಕತ್ತಲು, ಮೇಲೆ ಮಳೆ. ನಮ್ಮ ಬಾಗಿಲು ಇದ್ದದ್ದು ಆಚೆ ಕಡೆಯ ಕಾಲುದಾರಿಯಲ್ಲಿ. ಇಲ್ಲಿ ಇದು ಸುಮಾರು ಜನಕ್ಕೆ ಆಗುತ್ತದೆ.

ಆದ್ದರಿಂದ ರಸ್ತೆಯ ಹೆಸರಿಗಿಂತ ಮೊದಲು ಕಟ್ಟಡದ ಹೆಸರು ಬಾಯಿಪಾಠ ಮಾಡಿಕೊಳ್ಳಿ. ಆಲ್ಟನ್ ವೆಸ್ಟ್‌ನಲ್ಲಿ ಹೈಕ್ಲಿಫ್ ಡ್ರೈವ್ ಪಕ್ಕದ ಇಳಿಜಾರಿನಲ್ಲಿ ಐದು ಉದ್ದನೆಯ ಕಟ್ಟಡ ಕಾಣುತ್ತವೆ. ಬಿನ್ಲಿ, ವಿಂಚ್‌ಫೀಲ್ಡ್, ಡನ್‌ಬ್ರಿಜ್, ಚಾರ್ಕಾಟ್, ಡೆನ್‌ಮೀಡ್. ಐದೂ ಒಂದೇ ಥರ, ಹನ್ನೊಂದು ಮಹಡಿ, ಕೆಳಗೆ ಕಂಬಗಳ ಮೇಲೆ ನಿಂತಿವೆ. ಬಿನ್ಲಿ ಅನ್ನುವ ಬದಲು ಬರೀ ಹೈಕ್ಲಿಫ್ ಡ್ರೈವ್ ಅಂದರೆ ಊಟ ತರುವ ಹುಡುಗ ಐದನ್ನೂ ಸುತ್ತಬೇಕಾಗುತ್ತದೆ. ಆಂಬುಲೆನ್ಸಿಗೆ 999 ಒತ್ತುವಾಗಲಂತೂ ಫ್ಲ್ಯಾಟ್ ನಂಬರ್, ಕಟ್ಟಡದ ಹೆಸರು, ಪೋಸ್ಟ್‌ಕೋಡ್ ಮೂರೂ ಹೇಳಿ. ಮಕ್ಕಳಿಗೂ ಕಲಿಸಿ.

ಡೇನ್ಬರಿ, ಮಿನ್‌ಸ್ಟೆಡ್, ಹೋಲಿಬೋರ್ನ್ ಇಂಥ ಹೆಸರುಗಳು ಹ್ಯಾಂಪ್‌ಶೈರ್ ಕಡೆಯ ಊರು, ಜಾಗಗಳವು. ಆಲ್ಟನ್ ಕೂಡ ಅಲ್ಲಿನ ಒಂದು ಪಟ್ಟಣ. ಒಂದು ಜಿಲ್ಲೆಯ ಹಳ್ಳಿಗಳು ಅಂತ ಇಟ್ಟುಕೊಂಡರೆ ಬೇಗ ನೆನಪಿನಲ್ಲಿ ಉಳಿಯುತ್ತವೆ.

ಆ ಐದು ಕಟ್ಟಡಗಳ ಒಳಗಿನ ಮನೆಗಳು ಎರಡು ಅಂತಸ್ತಿನವು. ಒಳಗೇ ಮೆಟ್ಟಿಲಿರುತ್ತದೆ. ಹಾಗಾಗಿ ಬಾಗಿಲುಗಳು ಪ್ರತಿ ಮಹಡಿಯಲ್ಲೂ ಬರುವುದಿಲ್ಲ, ತೆರೆದ ಉದ್ದ ಕಾರಿಡಾರ್‌ಗಳಲ್ಲಿ ಸಾಲಾಗಿ ಇರುತ್ತವೆ. ಆ ಕಾರಿಡಾರಿನಲ್ಲಿ ಚಪ್ಪಲಿ ಸ್ಟ್ಯಾಂಡ್, ಸೈಕಲ್, ತುಳಸಿ ಕುಂಡ ಯಾವುದನ್ನೂ ಇಡಬೇಡಿ. ಬೆಂಕಿ ಬಿದ್ದರೆ ಎಲ್ಲರೂ ಓಡುವ ದಾರಿ ಅದೇ. ತುಳಸಿ ಅಡುಗೆಮನೆ ಕಿಟಕಿಯಲ್ಲಿ ಚೆನ್ನಾಗಿ ಬರುತ್ತದೆ, ಚಳಿಗೂ ಸಿಕ್ಕುವುದಿಲ್ಲ. ಇನ್ನೊಂದು ಮಾತು. ಈ ಐದು ಕಟ್ಟಡಗಳು 1998ರಿಂದ ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿವೆ. ಮನೆ ಮಾಲೀಕರನ್ನು ಕೇಳದೆ ಹೊರಗೋಡೆಗೆ ಡಿಶ್ ಕೂರಿಸಲು ಹೋಗಬೇಡಿ.

ಊರಿಂದ ಬಂದ ಹಿರಿಯರಿಗೆ

ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಅಪ್ಪ ಅಮ್ಮ ಮೊಮ್ಮಕ್ಕಳನ್ನು ನೋಡಲು ಬರುತ್ತಾರೆ. ನಾವು ಆಫೀಸಿಗೆ, ಮಕ್ಕಳು ಸ್ಕೂಲಿಗೆ. ಅವರು ದಿನವಿಡೀ ಕಿಟಕಿ ಪಕ್ಕ. ಹೊರಗೆ ಹೋಗಿ ಬನ್ನಿ ಅಂದರೆ ದಾರಿ ತಪ್ಪುತ್ತದೆ ಅನ್ನುವ ಭಯ. ಎಲ್ಲಾ ಕಟ್ಟಡವೂ ಒಂದೇ ಥರ ಕಾಣುವಾಗ ಆ ಭಯ ಸಹಜವೇ.

ನಮ್ಮತ್ತೆಗೂ ಹಾಗೇ ಇತ್ತು. ಒಂದು ಭಾನುವಾರ ಜೊತೆಗೆ ಕರೆದುಕೊಂಡು ಹೊರಟೆ. ಡೌನ್‌ಶೈರ್ ಫೀಲ್ಡ್‌ನ ಹುಲ್ಲಿನ ಇಳಿಜಾರಿನಲ್ಲಿ ಒಂದು ಕಂಚಿನ ಗೂಳಿ ಇದೆ. ರಾಬರ್ಟ್ ಕ್ಲಾಟ್‌ವರ್ದಿ ಅನ್ನುವ ಶಿಲ್ಪಿ ಮಾಡಿದ್ದು, 1961ರಲ್ಲಿ ಇಲ್ಲಿಗೆ ಬಂತು. ಬಸವನಗುಡಿಯ ಹಾಗೆ ನಯವಾಗಿ ಎಣ್ಣೆ ಬಳಿದ ಮೈಯಲ್ಲ, ಒರಟು. ನಮ್ಮತ್ತೆ ಅದರ ಮುಂದೆ ತುಂಬಾ ಹೊತ್ತು ನಿಂತರು. "ಇಲ್ಲೂ ಬಸವಣ್ಣ ಇದ್ದಾನಲ್ಲ" ಅಂದರು. ಮಾರನೇ ದಿನದಿಂದ ಅವರಿಗೆ ದಾರಿ ಸಿಕ್ಕಿತು. ಮನೆಯಿಂದ ಬಸವಣ್ಣ, ಬಸವಣ್ಣನಿಂದ ದೊಡ್ಡ ಮರ, ಮರದಿಂದ ಅಂಗಡಿ. ಎರಡು ವಾರದಲ್ಲಿ ಹಾಲು ಅವರೇ ತರುತ್ತಿದ್ದರು. ನಾನು ಆರು ತಿಂಗಳು ಗಮನಿಸದ ಬೆಂಚು ಯಾವುದು, ಯಾವ ಬೆಂಚಿಗೆ ಎಷ್ಟು ಹೊತ್ತಿಗೆ ಬಿಸಿಲು ಬರುತ್ತದೆ ಅನ್ನುವುದು ಅವರಿಗೆ ಗೊತ್ತಿತ್ತು.

ನೀವೂ ಹೀಗೇ ಮಾಡಿ. ರಸ್ತೆ ಹೆಸರು ಹೇಳಿಕೊಡಬೇಡಿ, ಗುರುತು ಹೇಳಿಕೊಡಿ. ಮೂರು ದಿನ ಜೊತೆಗೆ ನಡೆಯಿರಿ, ನಾಲ್ಕನೇ ದಿನ ಅವರು ಮುಂದೆ, ನೀವು ಹಿಂದೆ. ವಿಳಾಸ, ನಿಮ್ಮ ಫೋನ್ ನಂಬರ್ ಬರೆದ ಚೀಟಿ ಜೇಬಿನಲ್ಲೋ ಪರ್ಸಿನಲ್ಲೋ ಇರಲಿ. ಎದುರಿಗೆ ಸಿಕ್ಕವರು "ಆಲ್‌ರೈಟ್?" ಅಂದರೆ ಗಾಬರಿ ಬೇಡ ಅಂತಲೂ ಹೇಳಿ. ಅದು ನಮ್ಮ "ಊಟ ಆಯ್ತಾ?" ಇದ್ದ ಹಾಗೆ. "ಆಲ್‌ರೈಟ್" ಅಂತ ತಿರುಗಿ ಹೇಳಿ ನಕ್ಕರೆ ಸಾಕು.

ಮಿನ್‌ಸ್ಟೆಡ್ ಗಾರ್ಡನ್ಸ್ ಕಡೆ ಹೋದರೆ ಚಿಕ್ಕ ಚಿಕ್ಕ ಒಂದೇ ಅಂತಸ್ತಿನ ಮನೆಗಳ ಸಾಲು ಸಿಗುತ್ತದೆ. ವಯಸ್ಸಾದವರಿಗೆ ಅಂತಲೇ ಕಟ್ಟಿಸಿದ್ದು. ಎತ್ತರದ ಕಟ್ಟಡಗಳ ಪಕ್ಕದಲ್ಲೇ ಹಿರಿಯರಿಗೂ ಜಾಗ ಇರಬೇಕು ಅಂತ ಆಗಲೇ ಯೋಚಿಸಿದ್ದಾರೆ. ಆ ದಾರಿಯಲ್ಲಿ ಹೋಗುವಾಗ ನನಗೆ ಪ್ರತಿ ಸಲವೂ ಇಷ್ಟವಾಗುತ್ತದೆ.

ಡೇನ್ಬರಿ ಅವೆನ್ಯೂ ಎಸ್ಟೇಟಿನ ಬೆನ್ನೆಲುಬು. ಪೂರ್ವಕ್ಕೆ ನಡೆದರೆ ರೋಹ್ಯಾಂಪ್ಟನ್ ಲೇನ್, ಅಂಗಡಿಗಳು, ಗ್ರಂಥಾಲಯ. ಆ ಕಡೆ ಮರುನಿರ್ಮಾಣದ ಯೋಜನೆ ಇರುವುದರಿಂದ ಹೋಗುವ ಮೊದಲು ತೆರೆದಿರುವ ಸಮಯ ನೋಡಿಕೊಳ್ಳಿ. ವಿಕ್ಟೋರಿಯಾಕ್ಕೆ 170, ಸೌತ್ ಕೆನ್ಸಿಂಗ್ಟನ್‌ಗೆ 430 ಬಸ್ಸು. ಇಡ್ಲಿ ಅಕ್ಕಿ, ಕರಿಬೇವು ಬೇಕಾದರೆ ರೋಹ್ಯಾಂಪ್ಟನ್ ಲೇನ್‌ನಲ್ಲಿ 493 ಹತ್ತಿ ಟೂಟಿಂಗ್ ಕಡೆ ಹೋಗಿ. ಬಸ್ಸಿನಲ್ಲಿ ಕಾಸು ತೆಗೆದುಕೊಳ್ಳುವುದಿಲ್ಲ, ಕಾರ್ಡ್ ತೋರಿಸಬೇಕು.

ಪಶ್ಚಿಮಕ್ಕೆ ಹೋದರೆ ಪ್ರಯರಿ ಲೇನ್, ಅದರ ಆಚೆ ರಿಚ್ಮಂಡ್ ಪಾರ್ಕಿನ ರೋಹ್ಯಾಂಪ್ಟನ್ ಗೇಟ್. ಸುಮಾರು 2,500 ಎಕರೆ, ನೂರಾರು ಜಿಂಕೆ. ಜಿಂಕೆಯಿಂದ 50 ಮೀಟರ್ ದೂರವಿರಿ, ತಿನ್ನಲು ಏನೂ ಕೊಡಬೇಡಿ, ದಂಡ ಬೀಳುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಗಂಡು ಜಿಂಕೆಗಳು ಕಾದಾಡುತ್ತವೆ. ಆಗ ಇನ್ನೂ ದೂರ.

ಕತ್ತಲು, ಭಯ, ಮತ್ತು ಜನ

ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಡಿಸೆಂಬರ್ ನಡುವೆ ನಾಲ್ಕು ಗಂಟೆಯೊಳಗೇ ಸೂರ್ಯ ಮುಳುಗುತ್ತಾನೆ. ಸ್ಕೂಲಿನಿಂದ ಬರುವ ದಾರಿ ಹಗಲಲ್ಲಿ ಹತ್ತಿರ ಅನ್ನಿಸಿದರೂ ಕತ್ತಲಲ್ಲಿ ಮರಗಳ ನಡುವಿನ ದಾರಿ ಬಿಟ್ಟು ದೀಪ ಇರುವ ದಾರಿ ಹಿಡಿಯಿರಿ. ಐದು ನಿಮಿಷ ಜಾಸ್ತಿ ಆಗಲಿ. ದೀಪ ಕೆಟ್ಟಿದ್ದರೆ ಕಂಬದ ಮೇಲಿನ ನಂಬರ್ ನೋಡಿ ಕೌನ್ಸಿಲ್‌ಗೆ ತಿಳಿಸಿ. ಯಾರೋ ಹೇಳಿರುತ್ತಾರೆ ಅಂತ ಸುಮ್ನೆ ಇರಬೇಡಿ.

ಕೌನ್ಸಿಲ್ ಎಸ್ಟೇಟ್ ಅಂದ ಕೂಡಲೇ ಆಫೀಸಿನಲ್ಲಿ ಯಾರಾದರೂ ಮುಖ ಸಣ್ಣ ಮಾಡಬಹುದು. ನಮ್ಮವರೂ ಮಾಡುತ್ತಾರೆ, ಅದು ನನಗೆ ಬೇಸರ. 1980ರ ಕಾನೂನಿನಿಂದ ಬಾಡಿಗೆದಾರರಿಗೆ ತಮ್ಮ ಮನೆ ಕೊಳ್ಳುವ ಹಕ್ಕು ಬಂತು. ಹಾಗೆ ಕೊಂಡು ಆಮೇಲೆ ಬಾಡಿಗೆಗೆ ಬಿಟ್ಟ ಮನೆಗಳೇ ನಮ್ಮಂಥವರಿಗೆ ಸಿಗುವುದು. ಒಂದೇ ಕಾರಿಡಾರಿನಲ್ಲಿ ಹಳಬರು, ಕೊಂಡವರು, ನಾವು ಎಲ್ಲರೂ ಇರುತ್ತೇವೆ. ನಮ್ಮ ಬಾಗಿಲ ಮುಂದೆ ಕೀ ಮರೆತು ಕೂತಿದ್ದಾಗ ಒಳಗೆ ಕರೆದು ಟೀ ಕೊಟ್ಟವರು ಚಿಕ್ಕಂದಿನಿಂದ ಇಲ್ಲೇ ಇರುವ ಒಬ್ಬ ಅಜ್ಜಿ. ಯಾವ ದಾರಿಯಲ್ಲಿ ಮಂಜು ಮೊದಲು ಗಟ್ಟಿಯಾಗುತ್ತದೆ ಅಂತ ತೋರಿಸಿಕೊಟ್ಟವರೂ ಅವರೇ.

ಒಬ್ಬರೇ ಹೊರಡಲು ಹಿಂಜರಿಕೆ ಇದ್ದರೆ ಸಂಘಕ್ಕೆ ಒಂದು ಮೆಸೇಜ್ ಹಾಕಿ. ನಮ್ಮಲ್ಲಿ ಯಾರಾದರೊಬ್ಬರು ಜೊತೆಗೆ ಬರುತ್ತೇವೆ. ಬಸವಣ್ಣನ ಹತ್ತಿರ ಸೇರೋಣ. ಚಪ್ಪಲಿ ಬೇಡ, ಶೂ ಹಾಕಿಕೊಂಡು ಬನ್ನಿ. ಬೆಳಗ್ಗೆ ಹುಲ್ಲು ಒದ್ದೆ ಇರುತ್ತದೆ.